ಲ್ಯೂಬೆನ್ನನ ಮೂಕ ಡಬ್ಬಿ

ಬಲ್ಗೇರಿಯದ ರೂಸೆ ನಗರದ ಡ್ರೈವಿಂಗ್ ಶಾಲೆಯೊಂದರಲ್ಲಿ ಲ್ಯೂಬೆನ್ ಹರಲಾಂಪಿಯೆವ್ ರಸ್ತೆ ನಿಯಮಗಳ ಪಾಠ ಹೇಳುತ್ತಿದ್ದ. ಕಾರಿನಲ್ಲಿ ಕೂರಿಸಿ ಸ್ಟೀರಿಂಗ್ ಹಿಡಿಸುವ ಮೇಷ್ಟ್ರು ಬೇರೆ. ಇವನದು ಬರೀ ಹಲಗೆ, ಬಾಣದ ಗುರುತು, ಯಾರು ಯಾರಿಗೆ ದಾರಿ ಬಿಡಬೇಕೆಂಬ ತರ್ಕ. ಊರಿನ ಅರ್ಧ ಜನ ಇವನ ಪಾಠ ಕೇಳಿಯೇ ಪಾಸಾಗಿದ್ದರು, ಬೀದಿಗಿಳಿದ ಕೂಡಲೇ ಅದನ್ನು ಮರೆತೂ ಇದ್ದರು. ಹಾಗಾಗಿ ಲೋಕದ ಮೇಲೆ ಅವನಿಗೊಂದು ಕಾಯಂ ಮುನಿಸು. ಸ್ವಂತ ಕಾರಿರಲಿಲ್ಲ. ಟ್ರಾಲಿಬಸ್ಸಿನಲ್ಲಿ ಡ್ರೈವರನ ಬೆನ್ನಹಿಂದೆಯೇ ನಿಂತು ಅವನ ತಪ್ಪುಗಳನ್ನು ಗಟ್ಟಿಯಾಗಿ ಹೇಳುತ್ತ ಹೋಗುತ್ತಿದ್ದ.

ಮನೆಯಲ್ಲಿ ಆ ಮುನಿಸಿಗೆ ಸಿಕ್ಕಿದ್ದು ಟಿ.ವಿ.ಯ ಕೆಳಗಿದ್ದ ಕೇಬಲ್ ಕಂಪನಿಯ ಬಾಡಿಗೆ ಡಬ್ಬಿ. ಡಬ್ಬಿ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತಿತ್ತು. ಲ್ಯೂಬೆನ್ನನ ತಕರಾರು ಅದೇ.

"ಅದರೊಳಗೆ ಏನಿದೆ ಅಂತ ನಿಂಗೆ ಗೊತ್ತಾ?" ಎಂದು ಹೆಂಡತಿ ಜೊರ್ನಿತ್ಸಾಳನ್ನು ಕೇಳುತ್ತಿದ್ದ.

"ಸೀರಿಯಲ್ಲು," ಎನ್ನುತ್ತಿದ್ದಳು ಅವಳು.

"ಸೀರಿಯಲ್ಲಲ್ಲ! ಇನ್ನೊಬ್ಬರು ಬೀಗ ಹಾಕಿದ ತಂತ್ರಾಂಶ! ನಮ್ಮ ಮನೇಲಿ ಕೂತು ನಮಗೇ ಒಳಗೆ ಬಿಡಲ್ಲ ಅದು."

"ನನ್ನಮ್ಮನೂ ನಮ್ಮನೇಲೇ ಇದಾಳೆ. ಅವಳ ತಲೆಯೊಳಗೆ ಏನಿದೆ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?"

ಆ ಅಮ್ಮ, ಅಂದರೆ ಸ್ಟೊಯ್ಮೆಂಕಾ, ತನ್ನ ಕಾಲದಲ್ಲಿ ರೂಸೆ ರೈಲು ನಿಲ್ದಾಣದ ಧ್ವನಿಯಾಗಿದ್ದವಳು. ಯಾವ ರೈಲು ಎಷ್ಟು ತಡ ಎಂದು ಮೈಕಿನಲ್ಲಿ ಕೂಗುವುದೇ ಅವಳ ಕೆಲಸ. ಅಷ್ಟು ವರ್ಷದಲ್ಲಿ ಒಂದು ರೈಲಿನ ಪರವಾಗಿಯೂ ಅವಳು ವಿಷಾದಿಸಿದ್ದಿಲ್ಲ. ತಪ್ಪು ಪ್ರಯಾಣ ಹೊರಟವರದೇ ಎನ್ನುವ ಹಾಗಿರುತ್ತಿತ್ತು ಆ ಧ್ವನಿ. ನಿವೃತ್ತಿಯಾಗಿ ಮಗಳ ಮನೆಗೆ ಬಂದಾಗ ಪೆಟ್ಟಿಗೆಯ ಜೊತೆಗೆ ಅದನ್ನೂ ತಂದಿದ್ದಳು.

ಬೇಸಿಗೆ ಮುಗಿಯುತ್ತಿದ್ದ ಒಂದು ಭಾನುವಾರ, ಅನ್ನ ಕೀಮಾ ತುಂಬಿದ ದಪ್ಪಮೆಣಸಿನಕಾಯಿ ತಟ್ಟೆಗೆ ಬೀಳುತ್ತಿದ್ದ ಹೊತ್ತಿನಲ್ಲಿ, ಲ್ಯೂಬೆನ್ ಘೋಷಿಸಿದ: ಕೇಬಲ್ ಡಬ್ಬಿಯನ್ನು ಹಿಂದಿರುಗಿಸಿಯಾಗಿದೆ. ಇನ್ನು ಮುಂದೆ ಬಾಲ್ಕನಿಯಲ್ಲಿ ತಮ್ಮದೇ ಆಂಟೆನಾ, ಟಿ.ವಿ.ಯ ಕೆಳಗೆ ತಮ್ಮದೇ ಪುಟ್ಟ ಕಂಪ್ಯೂಟರು, ಅದರಲ್ಲಿ ಯಾರೂ ಬೀಗ ಹಾಕದ ತಂತ್ರಾಂಶ ಲಿನಕ್ಸ್. ಯಾರ ಹಂಗೂ ಇಲ್ಲ. ಸಿನಿಮಾ, ಹಾಡು, ಫೋಟೊ ಎಲ್ಲ ಅದರಲ್ಲೇ. ಮನೆಯೇ ಒಂದು ಚಿತ್ರಮಂದಿರ.

ಅಜ್ಜಿ ಸ್ಟೊಯ್ಮೆಂಕಾ ಅಗಿಯುವುದನ್ನು ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ. "ಬುಧವಾರದ ಟರ್ಕಿ ಸೀರಿಯಲ್ಲು ಬರತ್ತಾ?"

"ಬರತ್ತಮ್ಮ. ಮೊದಲಿಗಿಂತ ಚೆನ್ನಾಗಿ ಬರತ್ತೆ."

"ಮೊದಲೇ ಚೆನ್ನಾಗಿತ್ತಲ್ಲಪ್ಪ," ಎಂದು ಅಜ್ಜಿ ಮತ್ತೆ ಅಗಿಯತೊಡಗಿದಳು.

ಹಳೆಯ ಯಂತ್ರವೊಂದನ್ನು ಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಲಿನಕ್ಸಿಗೆ ಹಳೆಯ ಯಂತ್ರವೆಂದರೆ ಹಳೆಯ ಸ್ನೇಹಿತನ ಹಾಗೆ, ಕಂಡ ಕೂಡಲೇ ಗುರುತು ಹಿಡಿಯುತ್ತದೆ. ಆದರೆ ಲ್ಯೂಬೆನ್ ತರಿಸಿದ್ದು ಅಂಗಡಿಗೆ ಆಗಷ್ಟೇ ಬಂದಿದ್ದ, ಊರಿನಲ್ಲಿ ಇನ್ನೂ ಯಾರ ಬಳಿಯೂ ಇಲ್ಲದ ಪ್ರೊಸೆಸರಿನ ಪೆಟ್ಟಿಗೆ. ಬಾನಿತ್ಸಾ ಎಂಬ ಚೀಸ್ ಕಡುಬಿನ ತುಂಡಿನಷ್ಟು ದೊಡ್ಡದು, ಕಪ್ಪು, ನುಣುಪು. ಅದನ್ನು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿ, ಮೆಮೊರಿ ಪಟ್ಟಿ ಕೂರಿಸಿ, ಮದುವೆಯ ದಿನ ಉಂಗುರ ತೊಡಿಸುವಾಗಲೂ ತೋರದಿದ್ದ ನಾಜೂಕಿನಿಂದ ಸ್ಕ್ರೂ ತಿರುಗಿಸಿದ. ಜೊರ್ನಿತ್ಸಾ ಅದನ್ನು ಗಮನಿಸಿದಳು. 

ಲಿನಕ್ಸ್ ಒಳಗೆ ಹೋಯಿತು, ಪರದೆ ಕಪ್ಪಾಯಿತು. ಮತ್ತೆ ಹಾಕಿದ, ಮತ್ತೆ ಕಪ್ಪಾಯಿತು. ತೊಂದರೆ ಏನೆಂದು ಪತ್ತೆಯಾಗಲು ಒಂದು ವಾರ ಹಿಡಿಯಿತು: ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಇಷ್ಟು ಹೊಸ ಯಂತ್ರ ಹುಟ್ಟಿರುವ ಸುದ್ದಿಯೇ ಇನ್ನೂ ತಲುಪಿರಲಿಲ್ಲ.

"ಅಂದ್ರೆ ಕೆಟ್ಟಿದೆ," ಎಂದಳು ಅಜ್ಜಿ.

"ಕೆಟ್ಟಿಲ್ಲಮ್ಮ. ಇದು ಕಾಲಕ್ಕಿಂತ ಮುಂದಿದೆ ಅಷ್ಟೆ."

"ನಮ್ಮ ಸ್ಟೇಷನ್ನಿಗೆ ಅಂಥದ್ದು ಒಂದೂ ಬಂದಿರಲಿಲ್ಲಪ್ಪ."

ಕೊನೆಗೆ ಎಲ್ಲಿಂದಲೋ ಹೊಸ ಕರ್ನಲ್ ತಂದು ಹಾಕಿದ ಮೇಲೆ ಚಿತ್ರ ಬಂತು. ಎಂಥ ಚಿತ್ರ! ಬಲ್ಗೇರಿಯದ ಹವಾಮಾನ ವಾರ್ತೆಯ ಹೆಂಗಸಿನ ಕಿವಿಯೋಲೆಯ ಕೊಕ್ಕೆ ಕೂಡ ಕಾಣುತ್ತಿತ್ತು. ರಿಮೋಟ್ ಮಾತ್ರ ಡಬ್ಬಿಗೆ ಅರ್ಥವಾಗುತ್ತಿರಲಿಲ್ಲ. ಚಾನೆಲ್ ಬದಲಿಸಲು ಕೀಬೋರ್ಡಿನಲ್ಲಿ ಆಜ್ಞೆ ಬರೆಯಬೇಕಿತ್ತು, ಆಜ್ಞೆ ಗೊತ್ತಿದ್ದದ್ದು ಲ್ಯೂಬೆನ್ನನಿಗೆ ಮಾತ್ರ. ಹೀಗೆ ಸ್ವಾತಂತ್ರ್ಯ ಬಂದ ಮೇಲೆ ಮನೆಯವರೆಲ್ಲ ಚಾನೆಲ್ಲಿಗಾಗಿ ಅವನ ಅಪ್ಪಣೆ ಕೇಳಬೇಕಾಯಿತು.

ಇನ್ನೊಂದು ಸಣ್ಣ ಕೊರತೆಯೂ ಇತ್ತು. ಸದ್ದಿರಲಿಲ್ಲ.

ಜೊರ್ನಿತ್ಸಾ ಅಡುಗೆಮನೆಯ ಹಳೆಯ ಸ್ಪೀಕರನ್ನು ಎತ್ತಿಕೊಂಡು ಬಂದಳು. "ಇದನ್ನ ಚುಚ್ಚಿ ನೋಡು. ಡಬ್ಬಿಗೆ ಹೆಡ್‌ಫೋನಿನ ತೂತಿದೆಯಲ್ಲ."

ಲ್ಯೂಬೆನ್ ನೊಂದುಕೊಂಡ. "ಚಿತ್ರ ಸದ್ದು ಎರಡೂ ಒಂದೇ ಕೇಬಲ್ಲಿನಲ್ಲಿ ಹೋಗಬೇಕು ಕಣೇ. ಬೇರೆ ತಂತಿ ಎಳೆದ್ರೆ ಸೋತೆ ಅಂತ ಒಪ್ಪಿಕೊಂಡ ಹಾಗೆ."

"ಯಾರ ಹತ್ರ?"

ಅವನು ಅಂತರ್ಜಾಲದ ಲಿನಕ್ಸ್ ಚಾವಡಿಯಲ್ಲಿ ತನ್ನ ಕಷ್ಟ ಬರೆದು ಹಾಕಿದ. ಒಬ್ಬ, "ನನ್ನಲ್ಲಿ ಸರಿಯಾಗಿಯೇ ಇದೆ" ಎಂದು ಬರೆದು ಮಾಯವಾದ. ಇನ್ನೊಬ್ಬ, ಇದೇ ಪ್ರಶ್ನೆ ಹಿಂದೆ ಬಂದಿದೆ, ಹುಡುಕಿ ಓದಲು ಏನು ರೋಗ ಎಂದ. ಮೂರನೆಯವನು ಇಂಥ ಯಂತ್ರ ಕೊಂಡದ್ದೇ ತಪ್ಪು ಎಂದ. ಮೂವರ ಧಾಟಿಯೂ ಲ್ಯೂಬೆನ್ ಟ್ರಾಲಿಬಸ್ ಡ್ರೈವರನೊಡನೆ ಮಾತಾಡುವ ಧಾಟಿಯೇ. ಅವನಿಗದು ಹೊಳೆಯಲಿಲ್ಲ.

ಬುಧವಾರ ಬಂತು. ಸಂಜೆ ಬಾಲ್ಕನಿಯಲ್ಲಿ ಮೆಣಸಿನಕಾಯಿ ಸುಟ್ಟು ಮುಗಿಸಿ, ಸಿಪ್ಪೆ ಸುಲಿಯಲು ದೊಡ್ಡ ಪಾತ್ರೆ ತೊಡೆಯ ಮೇಲಿಟ್ಟುಕೊಂಡು, ಅಜ್ಜಿ ಟಿ.ವಿ. ಮುಂದೆ ಕೂತಳು. ತೆರೆಯ ಮೇಲೆ ನಾಯಕಿ ಸೆವಿಲಾಯ್ ಕಣ್ಣೀರಿಡುತ್ತಿದ್ದಳು. ಎದುರಿಗೆ ಹಸ್ರೆತ್ ಎಂಬ ಹೊಸ ಹೆಂಗಸು ಬಾಯಿ ಆಡಿಸುತ್ತಿದ್ದಳು. ಕೋಣೆ ಮಸಣದ ಹಾಗೆ ಮೌನ.

ಅಜ್ಜಿ ಎರಡು ಮೆಣಸಿನಕಾಯಿ ಸುಲಿದಳು. ಆಮೇಲೆ ನಿಲ್ದಾಣದ ಧ್ವನಿಯಲ್ಲಿ ಶುರುಮಾಡಿಯೇ ಬಿಟ್ಟಳು: "ಸೆವಿಲಾಯ್, ಅಳಬೇಡ. ಈ ಕಷಾಯ ಕುಡಿ. ವಿಷ ಸ್ವಲ್ಪವೇ ಹಾಕಿದೀನಿ."

ಜೊರ್ನಿತ್ಸಾ ಅಡುಗೆಮನೆಯಿಂದ ಓಡಿಬಂದಳು. ಅಜ್ಜಿ ಸ್ವರ ಸಣ್ಣಗೆ ಮಾಡಿ ಸೆವಿಲಾಯ್ ಆದಳು: "ಬೇಡ ಹಸ್ರೆತ್, ನಮ್ಮತ್ತೆ ಮಾಡಿದ ಸಾರು ಕುಡಿದೇ ನಾನು ಅರ್ಧ ಸತ್ತಿದೀನಿ."

ಮೇಲಿನ ಮಹಡಿಯ ಗೆರ್ಗಿನಾ ಜಾಡಿಯ ಮುಚ್ಚಳ ಕೇಳಲು ಬಂದವಳು ಬಾಗಿಲಲ್ಲೇ ನಿಂತು, ನಿಂತಲ್ಲೇ ನಕ್ಕು, ಒಳಗೆ ಬಂದು ಕೂತು, ಎರಡನೆಯ ಪಾತ್ರೆಯ ಸಿಪ್ಪೆಗೂ ಕೈ ಹಾಕಿದಳು. ಮುಚ್ಚಳ ಮರೆತೇಹೋಯಿತು. ಮುಂದಿನ ಬುಧವಾರ ಅವಳು ಕೆಳಮನೆಯ ಮ್ಲಾದೆನ್ನನನ್ನೂ ಕರೆತಂದಳು. ಆತ ಡ್ಯಾನ್ಯೂಬಿನ ದೋಣಿಗಳಲ್ಲಿ ದುಡಿದು ನಿವೃತ್ತನಾದವನು, ಕಿವಿ ಮಂದ, ಆದರೆ ಸ್ಟೊಯ್ಮೆಂಕಾಳ ಧ್ವನಿ ಮಾತ್ರ ಕೇಳಿಸುತ್ತಿತ್ತು. ಅದರ ಮುಂದಿನ ವಾರ ಜನ ತಮ್ಮ ತಮ್ಮ ಕುರ್ಚಿ ಹೊತ್ತು ಬಂದರು. ಒಬ್ಬರು ಸೂರ್ಯಕಾಂತಿ ಬೀಜ ತಂದರೆ ಇನ್ನೊಬ್ಬರು ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ತಂದರು.

ಲ್ಯೂಬೆನ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿರುತ್ತಿದ್ದ. ಅವನ ಚಿತ್ರಮಂದಿರ ತುಂಬಿತ್ತು. ಆದರೆ ಕಿವಿಯೋಲೆಯ ಕೊಕ್ಕೆಯಷ್ಟು ಸ್ಪಷ್ಟವಾದ ಚಿತ್ರದ ಬಗ್ಗೆ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಸಾಲದ್ದಕ್ಕೆ ಸೀರಿಯಲ್ಲಿನಲ್ಲಿ ಓರ್ಹಾನ್ ಎಂಬ ಅಳಿಯನೊಬ್ಬನಿದ್ದ. ಒಂದು ದಿನ ಅವನು ಹುಬ್ಬು ಗಂಟಿಕ್ಕಿ ಫೋನಿನಲ್ಲಿ ಏನೋ ಹೇಳುತ್ತಿದ್ದಾಗ ಅಜ್ಜಿ ಅವನ ಬಾಯಾದಳು: "ಹಲೋ, ನಾನು ಓರ್ಹಾನ್. ಹೊಸ ಫ್ರಿಜ್ ತಂದಿದೀನಿ. ತಣ್ಣಗಾಗಲ್ಲ, ಒಳಗಿನ ದೀಪ ಹತ್ತತ್ತೆ. ಆದ್ರೆ ನೆನಪಿರಲಿ, ಇದು ಸ್ವತಂತ್ರ ಫ್ರಿಜ್ಜು!"

ಮ್ಲಾದೆನ್ ನಗುತ್ತ ರಾಕಿಯಾ ಚೆಲ್ಲಿಕೊಂಡ. ಗೆರ್ಗಿನಾ ಲ್ಯೂಬೆನ್ನನ ಮುಖ ನೋಡಿ, ಸೆರಗಿಲ್ಲದ್ದರಿಂದ ಅಂಗೈಯನ್ನೇ ಬಾಯಿಗೆ ಒತ್ತಿಕೊಂಡಳು.

ಅವನಿಗೆ ಉರಿಯಿತು. ಹಠ ಬಂತು. ಶಾಲೆಯಲ್ಲಿ ಪಾಠದ ನಡುವೆಯೇ, ಎಡತಿರುವಿನ ಚಿತ್ರದ ಮುಂದೆ ನಿಂತು, ಯಂತ್ರದ ಸದ್ದಿನ ಚಿಪ್ ಬಗ್ಗೆ ಯೋಚಿಸುತ್ತಿದ್ದ. ಕೊನೆಗೆ ಚಾವಡಿಯಲ್ಲಿ ಪುಣ್ಯಾತ್ಮನೊಬ್ಬ ಬೈಯದೆಯೇ ಉತ್ತರ ಕೊಟ್ಟ: ಇನ್ನೂ ಹೊಸ ಕರ್ನಲ್ ಬಂದಿದೆ, ಜೊತೆಗೆ ಈ ಒಂದು ಕಡತ ಬೇಕು, ಇಂಥ ಕಡೆ ಹಾಕು. ಹಾಕಿದ. ಮಂಗಳವಾರ ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಟಿ.ವಿ.ಯಿಂದ ಬಟ್ಟೆ ಸೋಪಿನ ಜಾಹೀರಾತು ಹಾಡಿತು. ಲ್ಯೂಬೆನ್ನನ ಕಣ್ಣು ತೇವವಾಯಿತು. ಚಾವಡಿಯಲ್ಲಿ ತನ್ನ ಪ್ರಶ್ನೆಯ ತಲೆಯ ಮೇಲೆ "ಬಗೆಹರಿದಿದೆ" ಎಂದು ದೊಡ್ಡಕ್ಷರದಲ್ಲಿ ಬರೆದ.

ಬುಧವಾರ ಎಲ್ಲರೂ ಕೂತ ಮೇಲೆ, ಸೀರಿಯಲ್ ಅರ್ಧಕ್ಕೆ ಬಂದಾಗ, ಅವನು ಮುಂದೆ ಬಂದು ಕೆಮ್ಮಿ, ಕೀಬೋರ್ಡಿನ ಒಂದು ಗುಂಡಿ ಒತ್ತಿದ. ಅಜ್ಜಿಯ ವಾಕ್ಯ ನಡುವೆಯೇ ತುಂಡಾಯಿತು. ಯಾವಳೋ ಡಬ್ಬಿಂಗ್ ಕಲಾವಿದೆಯ ಜೇನಿನಂಥ ಕಂಠ ಕೋಣೆ ತುಂಬಿತು: "ಸೆವಿಲಾಯ್, ಈ ಮೂವತ್ತು ವರ್ಷ ನಾನು ನಿನಗೋಸ್ಕರವೇ ಬದುಕಿದ್ದೆ. ನಾನೇ ನಿನ್ನ ಹೆತ್ತ ತಾಯಿ."

ಗೆರ್ಗಿನಾ ಬಾಯಿಗಿಟ್ಟ ಬೀಜ ಹೊರತೆಗೆದಳು.

"ಹಸ್ರೆತ್ ತಾಯಿಯಾ?" ಎಂದಳು ಗೆರ್ಗಿನಾ. "ಮತ್ತೆ ವಿಷ?"

"ಇದನ್ನ ಬರೆದ ಸುಳ್ಳುಗಾರ ಯಾರು?" ಎಂದು, ಅವಳು ಕಿವಿಗೆ ಬಾಯಿಟ್ಟು ವಿಷಯ ಹೇಳಿದ ಮೇಲೆ, ಮ್ಲಾದೆನ್ ಕೂಗಿದ. "ಅವಳು ಮೂರು ಕೊಲೆ ಮಾಡಿದಾಳೆ! ನಾನೇ ಇಲ್ಲಿ ಕೂತು ಕೇಳಿದೀನಿ! ಲ್ಯೂಬೆನ್, ಅದನ್ನ ಆರಿಸೋ ಮಾರಾಯ!"

"ಬೇಡ, ಇರಲಿ ಬಿಡಿ," ಎಂದಳು ಅಜ್ಜಿ. "ಪಾಪ, ಹುಡುಗ ಅಷ್ಟು ಒದ್ದಾಡಿದಾನೆ." ಬೀಜದ ಸಿಪ್ಪೆಯ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದವಳು ಸೀರಿಯಲ್ ಮುಗಿಯುವವರೆಗೂ ಹೊರಗೆ ಬರಲಿಲ್ಲ. ಲ್ಯೂಬೆನ್ ಗೆದ್ದಿದ್ದ. ಕೈ ಕುಲುಕಲು ಯಾರಾದರೂ ಬರುತ್ತಾರೇನೋ ಎಂದು ನಿಂತ. ಜನ ಕುರ್ಚಿ ಹೊತ್ತು ಇಳಿದು ಹೋದರು.

ಮುಂದಿನ ಬುಧವಾರ ಯಾರೂ ಬರಲಿಲ್ಲ. ಅಜ್ಜಿ ಒಬ್ಬಳೇ ಕೂತು, ಈ ಹೆಂಗಸು ಮಾತು ನುಂಗುತ್ತಾಳೆ, ಇವಳನ್ನು ಮೈಕಿನ ಮುಂದೆ ಕೂರಿಸಿದರೆ ಜನ ರೈಲು ತಪ್ಪಿಸಿಕೊಳ್ಳುತ್ತಿದ್ದರು ಎಂದು ಗೊಣಗಿ, ಅಲ್ಲೇ ತೂಕಡಿಸಿದಳು. ತೆರೆಯ ಮೇಲೆ ಓರ್ಹಾನ್ ಏನೋ ಗಂಭೀರವಾಗಿ ಹೇಳಿದ. ಲ್ಯೂಬೆನ್ ಅಭ್ಯಾಸಬಲದಿಂದ ಕಿವಿ ನಿಮಿರಿಸಿದ, ಆದರೆ ಆ ಮಾತು ಯಾವುದೋ ಗೋದಾಮಿನ ಬಗ್ಗೆ ಇತ್ತು. ತನ್ನನ್ನು ಬೈಯುವವರೂ ಇಲ್ಲದ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಅವನಿಗೆ ಅಂದು ಮೊದಲ ಬಾರಿಗೆ ಗೊತ್ತಾಯಿತು. ಅತ್ತೆಯ ಜಡ್ಡುಗಟ್ಟಿದ ಕೈಗಳು ಖಾಲಿ ತೊಡೆಯ ಮೇಲೆ ಬಿದ್ದಿದ್ದವು.

ಮರುವಾರ ಸೀರಿಯಲ್ಲಿಗೆ ಸ್ವಲ್ಪ ಮುಂಚೆ ಅವನು ಅಡುಗೆಮನೆಗೆ ಬಂದು, ಮುಖ ಜೋಲು ಹಾಕಿ ಹೇಳಿದ: "ಅಪ್‌ಡೇಟ್ ಹಾಕಿದೆ. ಸದ್ದು ಮತ್ತೆ ಹೋಯ್ತು."

ತನ್ನ ಯಂತ್ರದ ತಪ್ಪನ್ನು ಲ್ಯೂಬೆನ್ ತನ್ನ ಬಾಯಿಂದಲೇ ಒಪ್ಪಿಕೊಂಡದ್ದು ಆ ಮನೆ ಕಂಡ ಮೊದಲ ಘಟನೆ. ಅಜ್ಜಿ ಕೈ ಒರೆಸಿಕೊಂಡು ಎದ್ದಳು. "ನಂಗೆ ಗೊತ್ತಿತ್ತು. ಮಗಳೇ, ಗೆರ್ಗಿನಾಗೆ ಫೋನ್ ಮಾಡು. ಮ್ಲಾದೆನ್ನನಿಗೆ ನಾನೇ ಕೂಗ್ತೀನಿ." ಬಾಲ್ಕನಿಯಿಂದ ಅವಳು ಕೂಗಿದ್ದು ಕೆಳಮನೆಗೆ ಮಾತ್ರವಲ್ಲ, ಟ್ರಾಲಿಬಸ್ ನಿಲ್ದಾಣಕ್ಕೂ ಕೇಳಿಸಿತು.

ಜೊರ್ನಿತ್ಸಾ ಟಿ.ವಿ. ಹತ್ತಿರ ಹೋಗಿ ನೋಡಿದಳು. ಪರದೆಯ ಮೂಲೆಯಲ್ಲಿ ಸ್ಪೀಕರಿನ ಪುಟ್ಟ ಚಿತ್ರದ ಮೇಲೆ ಅಡ್ಡಗೆರೆ ಎಳೆದಿತ್ತು. ಅದರ ಅರ್ಥ ತಿಳಿಯಲು ಲಿನಕ್ಸ್ ಬರಬೇಕಾಗಿರಲಿಲ್ಲ. ಗಂಡನನ್ನು ನೋಡಿದಳು.

"ಕರ್ನಲ್ ತೊಂದರೆ," ಎಂದ ಅವನು.

"ಹೌದು, ಕರ್ನಲ್ಲಿದ್ದೇ ಇರಬೇಕು," ಎಂದು ಅವಳು ಅವನ ಅಂಗಿಯ ಕಾಲರ್ ಸರಿಮಾಡಿದಳು.

ಅಂದು ಅಜ್ಜಿ ಹೆತ್ತ ತಾಯಿಯ ವಿಷಯವನ್ನು ಒಂದೇ ವಾಕ್ಯದಲ್ಲಿ ಮುಗಿಸಿದಳು: ಹಸ್ರೆತ್ ಸುಳ್ಳು ಹೇಳಿದ್ದಳು, ಆಸ್ತಿಗಾಗಿ. ಎಲ್ಲರಿಗೂ ಸಮಾಧಾನವಾಯಿತು. ಓರ್ಹಾನ್ ಬಂದಾಗ ಅವಳು ಗಂಟಲು ಸರಿಮಾಡಿಕೊಳ್ಳುವ ಮೊದಲೇ ಲ್ಯೂಬೆನ್ ನಗತೊಡಗಿದ್ದ. ಹೊರಡುವಾಗ ಗೆರ್ಗಿನಾ ಅವನನ್ನು ಮೆಟ್ಟಿಲ ಬಳಿ ಪಕ್ಕಕ್ಕೆ ಕರೆದಳು.

"ಲ್ಯೂಬೆನ್, ನಮ್ಮನೆಗೂ ಇಂಥದ್ದೊಂದು ಡಬ್ಬಿ ಮಾಡಿಕೊಡ್ತೀಯಾ? ನಮ್ಮೆಜಮಾನ್ರು ನೋಡೋ ರಾಜಕೀಯ ಚರ್ಚೆಗೆ ಮಾತ್ರ ಸದ್ದು ಬರಬಾರದು."

ಲ್ಯೂಬೆನ್ ಗಂಭೀರನಾದ. "ಅದು ಅಷ್ಟು ಸುಲಭ ಅಲ್ಲ ಗೆರ್ಗಿನಾ. ಅದಕ್ಕೆ ಇನ್ನೂ ಹೊಸ ಯಂತ್ರ ಬೇಕಾಗತ್ತೆ."