ಬೇಡವೆನ್ನದೆ ಕೂತ ಕಂಬಳಿ

ಮೊದಲು ಒಣ ಕೆಮ್ಮು. ಮರುದಿನ ಜ್ವರ.

ಥರ್ಮಾಮೀಟರ್ ನೂರಾ ಒಂದು ತೋರಿಸಿದಾಗ ಹೆದರಿಕೆಯಾಗಲಿಲ್ಲ. ಸಿಟ್ಟು ಬಂತು.

ಅರವತ್ತಮೂರನೆಯ ವಯಸ್ಸಿನಲ್ಲಿ ಲ್ಯುಕೇಮಿಯಾಕ್ಕೆ ಹೈದರಾಬಾದಿನಲ್ಲಿ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡು, ನನ್ನ ತಮ್ಮ ಕೊಟ್ಟ ಸೆಲ್ಸ್ ನನ್ನೊಳಗೆ ನೆಲೆಯೂರಿದ ಮೇಲೆ ರಾಯಚೂರಿನ ಮನೆಗೆ ಬಂದಿದ್ದೆ. ನಿಮ್ಮ ಇಮ್ಯೂನಿಟಿ ಈಗ ಹಸುಗೂಸಿನದು, ಧೂಳು ಬೇಡ, ಜನ ಬೇಡ ಎಂದು ಡಿಸ್ಚಾರ್ಜ್ ದಿನವೇ ಡಾಕ್ಟರು ಹೇಳಿದ್ದರು. ಆದರೆ ನಮ್ಮ ಕಡೆ ಬದುಕಿ ಬಂದವರನ್ನು ಮಾತಾಡಿಸಲು ಹೋಗದಿದ್ದರೆ ಅದೇ ದೊಡ್ಡ ಮಾತಾಗುತ್ತದೆ.

ದೇವದುರ್ಗದಿಂದ ನಾದಿನಿ ಮಲ್ಲವ್ವ ಬಂದಳು. ನನ್ನ ಗಂಡನದು ಕುರಿ ಸಾಕುವ ಮನೆತನ. ಗೌರವದವರನ್ನು ಕೂರಿಸುವುದು ಕರಿ ಕಂಬಳಿಯ ಮೇಲೆ. ಮಳೆಗಾಲವಿಡೀ ತನ್ನ ಮನೆಯ ಜೋಳದ ಚೀಲಗಳ ಮೇಲೆ ಬಿದ್ದಿದ್ದ ಕಂಬಳಿಯನ್ನು ಹೊತ್ತು ತಂದು ನನ್ನ ಮಂಚದ ಪಕ್ಕದಲ್ಲೇ ಜಾಡಿಸಿದಳು. ಮುಗ್ಗಲು ವಾಸನೆ.

"ಡಾಕ್ಟರು ಧೂಳು ಬ್ಯಾಡ ಅಂದಾರ, ಮಲ್ಲವ್ವ," ಎಂದೆ, ಮೆಲ್ಲಗೆ.

"ನಿನ್ನ ಡಾಕ್ಟರ ಎಂದಾದ್ರೂ ಕುರಿ ಕಾದಾನೇನು, ಅತ್ತಿಗಿ? ಇದರ ಮ್ಯಾಲ ದೇವರ ಕುಂದರ್ತಾನ. ನೀ ದೇವರಿಗಿಂತ ನಾಜೂಕೇನು? ಕುಂದರು ಬೇ."

ಕೂತೆ. ಆಕೆಗೆ ನನ್ನ ಮುಖ ನೋಡಬೇಕಿತ್ತು, ಮಾಸ್ಕನ್ನೂ ಇಳಿಸಿದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಪ್ಲೀಸ್ ಕಲಿಸಿದರು, ಥ್ಯಾಂಕ್ ಯೂ ಕಲಿಸಿದರು. ನೋ ಎನ್ನುವುದನ್ನು ಯಾರೂ ಕಲಿಸಲಿಲ್ಲ.

ಹತ್ತೇ ದಿನಕ್ಕೆ ಆ ಕೆಮ್ಮು.

ಸಿಟಿ ಸ್ಕ್ಯಾನಿನಲ್ಲಿ ಕಂಡಿತು: ಶ್ವಾಸಕೋಶದಲ್ಲಿ ಫಂಗಸ್.

ಕಂಬಳಿಯಿಂದಲೇ ಬಂತೇ ಎಂದು ಕೇಳಿದೆ. "ಮೇ ಬಿ" ಎಂದರು ಡಾಕ್ಟರು, ಗಾಳಿಯಲ್ಲೂ ಇರುತ್ತದಂತೆ. ಸಿಟ್ಟು ಮಾಡಿಕೊಳ್ಳಲೂ ಒಂದು ಗಟ್ಟಿ ಕಾರಣ ಸಿಗಲಿಲ್ಲ. ಡ್ರಿಪ್ಪಿನಲ್ಲಿ ಆ್ಯಂಟಿಫಂಗಲ್ ಇಳಿಯುವಾಗ ಹಲ್ಲು ಕಟಕಟಿಸುವಷ್ಟು ನಡುಕ. ಕೆಮ್ಮಿದರೆ ರಕ್ತ. ಎರಡು ವಾಕ್ಯ ಆಡಿದರೆ ಏದುಸಿರು. ಮಲಗಿದಲ್ಲೇ ಮಲ್ಲವ್ವನನ್ನು ಬೈದೆ, ಕಾನ್ವೆಂಟಿನ ಯಾವ ಸಿಸ್ಟರೂ ಕೇಳಬಾರದ ಮಾತುಗಳಲ್ಲಿ. ಆಮೇಲೆ ಅವೇ ಮಾತುಗಳಲ್ಲಿ ನನ್ನನ್ನು.

ಈಗ ಮತ್ತೆ ಮನೆಯಲ್ಲಿದ್ದೇನೆ. ಮಾತ್ರೆಗಳು ಇನ್ನೂ ತಿಂಗಳುಗಟ್ಟಲೆ ಇವೆ. ಮಲ್ಲವ್ವನ ಫೋನು ನಾನು ಎತ್ತಿಲ್ಲ.

ಹೋದ ವಾರ ಅವಳ ಹಿರಿಯಣ್ಣ, ನಾನು ಎಂದೂ ಎದುರಾಡದ ದೊಡ್ಡ ಭಾವ, ಮಾನ್ವಿಯಿಂದ ಬಂದರು.

"ಅಲ್ಲೇ ನಿಂದರ್ರಿ ಭಾವಾರ. ಒಳಗ ಬರಬ್ಯಾಡ್ರಿ."

"ನನಗ ಅಂತೀಯೇನು?"

"ಹೌದ್ರಿ."

ಅವರ ಮುಖ ಕೆಂಪಾಯಿತು. ಆದರೂ ಹೋಗಲಿಲ್ಲ, ಅಂಗಳದ ಆ ಕೊನೆಗೆ ಕುರ್ಚಿ ಹಾಕಿಸಿಕೊಂಡು ಕೂತು ಅಲ್ಲಿಂದಲೇ ಕೂಗಿದರು: "ಮಲ್ಲಿ ದಿನಾ ಅಳಾಕತ್ತಾಳ."

"ಅಳ್ಳಿ ಬಿಡ್ರಿ," ಎಂದು ಕಿಟಕಿಯಿಂದ ನಾನೂ ಕೂಗಿದೆ.

ಕೂಗುವಷ್ಟು ಉಸಿರು ನನ್ನಲ್ಲಿತ್ತು.