ಕುಂಕುಮ ಇಟ್ಟ ವೈರು

ನನ್ನ ನಾದಿನಿ ರಂಜನಿಗೆ ಕರೆಂಟಿನ ಭಯವಿಲ್ಲ, ಹಲ್ಲಿಯ ಭಯವಿಲ್ಲ, ನೋಡಲು ಬರುವ ಗಂಡಿನ ಕಡೆಯವರ ಭಯವಂತೂ ಮೊದಲೇ ಇಲ್ಲ. ಅವಳು ಹೆದರುವುದು ಆಯುಧಪೂಜೆಗೆ ಮಾತ್ರ.

ಚಿಂತಾಮಣಿಯ ನಮ್ಮ ಮನೆಯಲ್ಲಿ ಅಂದು ಅತ್ತೆ ಗೋದಮ್ಮನವರ ಕೈಗೆ ಸಿಕ್ಕಿದ ಯಂತ್ರಕ್ಕೆಲ್ಲ ಬಟ್ಟೆಯಲ್ಲಿ ಒರೆಸಿದ ಸ್ನಾನ, ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ನನ್ನ ಗಂಡನ ಸ್ಕೂಟರು, ಗ್ರೈಂಡರು, ನೀರಿನ ಮೋಟಾರು, ನನ್ನ ಮಗಳು ಶರ್ವಾಣಿಯ ಮೂರು ಗಾಲಿಯ ಸೈಕಲ್ಲು, ಯಾವುದಕ್ಕೂ ವಿನಾಯಿತಿ ಇಲ್ಲ. ಪೂಜೆಯಾದ ಮೇಲೆ ಮಾರನೆಯ ದಿನ ವಿಜಯದಶಮಿಯ ಮರುಪೂಜೆಯವರೆಗೆ ಅವನ್ನು ಯಾರೂ ಮುಟ್ಟುವಂತಿಲ್ಲ. ರಂಜನಿ ತನ್ನ ಲ್ಯಾಪ್‌ಟಾಪನ್ನು ಮಾತ್ರ ಶರ್ವಾಣಿಯ ಹಾಸಿಗೆಯ ಕೆಳಗೆ ಬಚ್ಚಿಡುತ್ತಾಳೆ. ಮಲಗಿದ ಮಗುವನ್ನು ಎಬ್ಬಿಸುವ ಧೈರ್ಯ ಅತ್ತೆಗೂ ಇಲ್ಲ.

ರಂಜನಿ ಚಿಕ್ಕಬಳ್ಳಾಪುರದಲ್ಲಿ ಓದಿ ಬಂದು, ಊರಿನ ಅಂಗಡಿ, ಶಾಲೆಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಹಿಡಿದವಳು. ಕೂದಲನ್ನು ಗಂಟು ಕಟ್ಟಿ ಅದಕ್ಕೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿರುತ್ತಾಳೆ. ಒಮ್ಮೆ ಗೌರಿಬಿದನೂರಿನಿಂದ ಅವಳನ್ನು ನೋಡಲು ಬಂದವರ ಮುಂದೆ ಹಾಗೆಯೇ ಕಾಫಿ ತಂದಿಟ್ಟಳು. ಹುಡುಗನ ಅಮ್ಮ ದಿಟ್ಟಿಸಿ ನೋಡಿ, “ಅದೇನಮ್ಮಾ ತಲೇಲಿ?” ಎಂದರು. “ಜಡೆಬಿಲ್ಲೆ ಆಂಟಿ, ಹೊಸ ಡಿಸೈನು,” ಎಂದಳು. ಅವರು ಉಪ್ಪಿಟ್ಟು ತಿಂದು ಹೋದವರು ತಿರುಗಿ ಫೋನ್ ಮಾಡಲಿಲ್ಲ.

ನಮ್ಮ ಮನೆಯ ಕೆಳಭಾಗ ವೆಂಕಟರಾಯಪ್ಪನವರ ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಬಾಡಿಗೆಗಿದೆ. ಗೌರಿಬಿದನೂರು, ಶಿಡ್ಲಘಟ್ಟಗಳಲ್ಲೂ ಅವರ ಶಾಖೆಗಳಿವೆ. ಹೊರಗಿನಿಂದ ಬೇಡದ್ದು ಒಳಗೆ ನುಗ್ಗದಂತೆ ಕಾಯುವ ಫೈರ್‌ವಾಲ್ ಅವರಿಗೆ ಬೇಕಿತ್ತು. ಅದಕ್ಕೆ ಬೇರೆ ಪೆಟ್ಟಿಗೆ ಕೊಳ್ಳುವುದು ಬೇಡ, ಹಳೆಯ ಕಂಪ್ಯೂಟರಿನೊಳಗೇ ಕೂರಿಸುತ್ತೇನೆ ಎಂದು ರಂಜನಿ ಒಪ್ಪಿಸಿದ್ದಳು.

“ಒಳಗೆ ಅಂದ್ರೆ?” ಎಂದು ನಾನು ಕೇಳಿದ್ದೆ.

“ಶರ್ವಾಣಿ ನಿಮ್ಮ ಹೊಟ್ಟೇಲಿದ್ದಳಲ್ಲ ಅತ್ತಿಗೆ, ಹಾಗೆ. ಒಂದು ಕಂಪ್ಯೂಟರಿನ ಹೊಟ್ಟೇಲಿ ಇನ್ನೊಂದು. ಒಳಗಿರೋದಕ್ಕೆ ಹೊರಗಿನ ವೈರು ನೇರವಾಗಿ ಸಿಗಲ್ಲ. ಅದಕ್ಕೆ ಹೊಕ್ಕುಳುಬಳ್ಳಿ ಥರ ಒಂದು ಬ್ರಿಡ್ಜ್ ಕಟ್ಟಬೇಕು.”

“ಸೀಮಂತ ಯಾವಾಗ?”

“ನಗಿ ನಗಿ. ಬ್ರಿಡ್ಜ್ ಕೈಕೊಟ್ರೆ ನನಗೇ ತಿಥಿ.”

ಅದು ಪೂರ್ತಿ ತಮಾಷೆಯಾಗಿರಲಿಲ್ಲ. ವೆಂಕಟರಾಯಪ್ಪ ಆಗಲೇ ಹೇಳಿಬಿಟ್ಟಿದ್ದರು: “ನೋಡಮ್ಮಾ, ವಿಜಯದಶಮಿಗೆ ಹೊಸ ಬ್ಯಾಚು ಶುರು. ಮೂರು ಊರೂ ಒಂದೇ ಪರದೆ ಮೇಲೆ ಕಾಣಿಸ್ತು ಅಂದ್ರೆ ಮೂರು ಕಡೆ ಕೆಲಸಾನೂ ನಿಂದೇ. ಇಲ್ಲಾಂದ್ರೆ ಬೆಂಗಳೂರಿನೋನು ರೆಡಿ ಅವ್ನೆ.” ಮೂರು ಕಡೆಯ ಕೆಲಸ ಸಿಕ್ಕರೆ ರಂಜನಿ ಅಂಗಡಿ ಅಂಗಡಿ ಅಲೆಯುವುದು ತಪ್ಪಿ, ತನ್ನದೇ ಹೆಸರಿನ ಒಂದು ಬೋರ್ಡು ಹಾಕಬಹುದಿತ್ತು. ಬೋರ್ಡಿನ ಬಣ್ಣವನ್ನೂ ಅವಳು ಆರಿಸಿಟ್ಟಿದ್ದಳು.

ಆಯುಧಪೂಜೆಯ ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿತ್ತು. ಸಂಜೆ ಅತ್ತೆ ಕೆಳಗೆ ಹೋಗಿ ಪೂಜೆ ಮಾಡಿದರು. “ಯಾವುದನ್ನೂ ಆರಿಸಬೇಡಿ, ದೀಪ ಉರೀತಾ ಇರಲಿ,” ಎಂದು ಯಂತ್ರಗಳನ್ನು ಚಾಲೂ ಇಡಿಸಿದರು. ಬೂದುಗುಂಬಳ ಒಡೆದು, ಪುರಿ ಹಂಚಿ ಕೈತೊಳೆಯುವಷ್ಟರಲ್ಲಿ ಶಿಡ್ಲಘಟ್ಟದಿಂದ ಫೋನು: ಚಿಂತಾಮಣಿ ಸಿಗುತ್ತಿಲ್ಲ!

ರಂಜನಿ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದಳು. ಹೊಸ್ತಿಲಲ್ಲಿ ಅತ್ತೆ ಅಡ್ಡ ನಿಂತಿದ್ದರು.

“ಪೂಜೆ ಆಗಿದೆ ಕಣೇ. ಮುಟ್ಟಬಾರದು.”

“ಅಮ್ಮ, ನೆಟ್ಟು ಸತ್ತಿದೆ.”

“ಹಬ್ಬದ ದಿನ ಸಾಯೋ ಮಾತಾಡಬೇಡ. ನೋಡು, ದೀಪಗಳು ಹೆಂಗೆ ಕುಣೀತಿವೆ! ದೇವಿ ಸಂತೋಷವಾಗಿದಾಳೆ.”

ವೆಂಕಟರಾಯಪ್ಪ ಫೋನು ಕೈಯಲ್ಲಿ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು. “ದೇವುಡಾ, ಇವತ್ತೇ ಆಗ್ಬೇಕಿತ್ತಾ! ಅರ್ಧ ಗಂಟೆ ನೋಡ್ತೀನಮ್ಮಾ. ಆಮೇಲೆ ಬೆಂಗಳೂರಿನೋನ್ನ ಬೆಳಿಗ್ಗೆ ಬಸ್ಸಿಗೆ ಹತ್ತಿಸ್ತೀನಿ.”

ಪುಣ್ಯಕ್ಕೆ ಆ ಹಳೆಯ ಕಂಪ್ಯೂಟರಿನಿಂದ ತನ್ನ ಕೋಣೆಗೆ ಕಿಟಕಿಯ ಮೂಲಕ ಪ್ರತ್ಯೇಕ ವೈರೊಂದನ್ನು ರಂಜನಿ ಮೊದಲೇ ಎಳೆದುಕೊಂಡಿದ್ದಳು. ಮತ್ತೆ ಮೇಲೆ ಓಡಿ, ಹಾಸಿಗೆಯಡಿಯಿಂದ ಲ್ಯಾಪ್‌ಟಾಪ್ ಎಳೆದುಕೊಂಡು ಕೂತಳು. ಆ ದಿನ ಬೆಳಿಗ್ಗೆ ಬ್ರಿಡ್ಜಿನಲ್ಲಿ ಏನನ್ನೋ ಬದಲಾಯಿಸಿದ್ದಳಂತೆ. ತಪ್ಪು ತನ್ನದೇ ಎಂದುಕೊಂಡು ಅದನ್ನು ಮೊದಲಿನಂತೆ ಮಾಡಿದಳು. ಆಗಲಿಲ್ಲ. ಒಳಗಿನ ಫೈರ್‌ವಾಲನ್ನು ಆರಿಸಿ ಎಬ್ಬಿಸಿದಳು. ಊಹೂಂ. ಕಣ್ಣಲ್ಲಿ ನೀರು ಬರುವ ಮುಂಚೆ ಮೂಗು ಕೆಂಪಾಗುವುದು ಅವಳಿಗೂ ಶರ್ವಾಣಿಗೂ ಒಂದೇ. ನಾನು ಅವಳ ಬಾಯಿಗೊಂದು ಕಜ್ಜಾಯ ತುರುಕಿದೆ.

ಅದನ್ನು ಅಗಿಯುತ್ತಲೇ ಬ್ರಿಡ್ಜನ್ನು ಪೂರ್ತಿ ಕಿತ್ತುಹಾಕಿದಳು. “ಈಗ ಕೆಳಗೆ ದೀಪ ಹೇಗಿವೆ, ನೋಡಿ ಬನ್ನಿ.”

ಇಣುಕಿ ಬಂದೆ. ವೈರುಗಳೆಲ್ಲ ಸೇರುವ ಸ್ವಿಚ್ ಪೆಟ್ಟಿಗೆಯ ಹಸಿರು ದೀಪಗಳು ದಿನವೂ ಒಂದೊಂದಾಗಿ ಮಿನುಗುತ್ತವೆ. ಈಗ ಎಲ್ಲವೂ ಒಟ್ಟಿಗೆ ಹುಚ್ಚೆದ್ದು ಹೊಡೆದುಕೊಳ್ಳುತ್ತಿದ್ದವು.

“ಇನ್ನೂ ಕುಣೀತಾನೇ ಇವೆ.”

ರಂಜನಿ ನೆಟ್ಟಗೆ ಕೂತಳು. “ಹಾಗಾದ್ರೆ ಹೊಟ್ಟೆಯೊಳಗಿನ ಮಗೂದು ತಪ್ಪಿಲ್ಲ. ಗಲಾಟೆ ಹೊರಗಿಂದು.” ಬಾಲ್ಕನಿಗೆ ಬಂದು, ಅಂಗಳದಲ್ಲಿದ್ದ ಅತ್ತೆಯನ್ನು ಬಹಳ ಮುದ್ದಾಗಿ ಕೂಗಿದಳು: “ಅಮ್ಮಾ, ಒರೆಸುವಾಗ ಏನಾದ್ರೂ ಬಿಚ್ಚಿದ್ಯಾ?”

“ನಾನ್ಯಾಕೆ ಬಿಚ್ಲಿ? ಒಂದು ವೈರು ಅನಾಥನ ಥರ ನೇತಾಡ್ತಿತ್ತು. ಪಾಪ ಅಂತ ಪಕ್ಕದ ತೂತಿಗೇ ಸೇರಿಸಿ, ಮೇಲೆ ಹೂ ಮುಡಿಸಿದೆ.”

ರಂಜನಿ ಗೋಡೆಗೆ ಹಣೆ ಚಚ್ಚಿಕೊಂಡಳು. ಪರೀಕ್ಷೆಗೆಂದು ಅವಳೇ ಒಂದು ತುದಿಯನ್ನಷ್ಟೇ ಸ್ವಿಚ್ಚಿಗೆ ಸಿಕ್ಕಿಸಿ ಬಿಟ್ಟಿದ್ದ ವೈರು ಅದು. ಈಗ ಅದರ ಎರಡು ತುದಿಯೂ ಒಂದೇ ಪೆಟ್ಟಿಗೆಯಲ್ಲಿ. ಒಂದು ತೂತಿನಿಂದ ಹೊರಟ ಮಾತು ಇನ್ನೊಂದರಿಂದ ವಾಪಸ್ಸು ಬಂದು, ನಮ್ಮ ಬೀದಿಯ ಸುದ್ದಿಯ ಹಾಗೆ ಸುತ್ತಿ ಸುತ್ತಿ ಬೆಳೆಯುತ್ತಿತ್ತು. ಬೇರೆ ಮಾತಿಗೆ ಜಾಗವೇ ಇರಲಿಲ್ಲ.

“ಕಿತ್ತರೆ ಮುಗೀತು. ಆದರೆ ಅಮ್ಮ ಬಿಡಲ್ಲ,” ಎಂದಳು. ಕಿತ್ತಿದ್ದ ಬ್ರಿಡ್ಜನ್ನು ಮತ್ತೆ ಕಟ್ಟಿ ಕಾದು ಕೂತಳು. ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಕೆಳಗಿಳಿದೆ.

“ಅತ್ತೆ, ಆ ವೈರಿನ ತುದಿಗೆ ಕುಂಕುಮ ಇಟ್ಟಿದೀರಾ? ತೂತಿನೊಳಗೆ ಹೋಗಿರೋ ತುದಿಗೆ?”

ಅತ್ತೆಯ ಮುಖ ಬಾಡಿತು. “ಅಯ್ಯಯ್ಯೋ, ಮರೆತೇ ಹೋಯ್ತಲ್ಲೇ!”

ಪೂಜೆ ಮಾಡಿದ ಕೈ ಮುಟ್ಟಿದರೆ ದೋಷವಿಲ್ಲ. ಅತ್ತೆ ಹಾರ ಸರಿಸಿ, ವೈರಿನ ತುದಿಯನ್ನು ಹೊರಗೆ ಎಳೆದರು. ದೀಪಗಳು ಒಮ್ಮೆ ಆರಿ, ಆಮೇಲೆ ಒಂದೊಂದಾಗಿ ಸಾವಧಾನದಿಂದ ಮಿನುಗತೊಡಗಿದವು. ಮೇಲಿಂದ ರಂಜನಿಯ ಖುಷಿಯ ಕೂಗು ಕೇಳಿಸಿತು. ಅತ್ತೆ ತುದಿಗೆ ಭಕ್ತಿಯಿಂದ ಬೊಟ್ಟಿಟ್ಟು, ಮತ್ತೆ ಅದೇ ತೂತಿನ ಕಡೆ ಕೈ ಒಯ್ದರು.

“ಒಣಗಲಿ ಅತ್ತೆ! ಒಳಗೆ ಹಾಕಿದರೆ ಕುಂಕುಮ ಅಳಿಸಿಹೋಗತ್ತೆ.”

“ಅದೂ ಸರಿಯೇ,” ಎಂದು ಕೈಬಿಟ್ಟರು. ಅಷ್ಟರಲ್ಲಿ ವೆಂಕಟರಾಯಪ್ಪನವರ ಫೋನಿನಲ್ಲಿ ಶಿಡ್ಲಘಟ್ಟ ಮಾತಾಡುತ್ತಿತ್ತು.

ಬೆಳಿಗ್ಗೆ ಮರುಪೂಜೆಯಾಯಿತು. ಪರದೆಯ ಮೇಲೆ ಮೂರು ಊರಿನ ಮಕ್ಕಳು ಒಬ್ಬರಿಗೊಬ್ಬರು ಕೈಬೀಸಿದರು. ವೆಂಕಟರಾಯಪ್ಪ ಹಿಗ್ಗಿ, “ಮೂರೂ ನಿಂದೇ ಕಣಮ್ಮಾ,” ಎಂದು ರಂಜನಿಯ ಕೈಗೆ ಬಾಳೆಹಣ್ಣು ಕೊಟ್ಟರು. ಆಮೇಲೆ ಅವರ ಕಣ್ಣು ಸ್ವಿಚ್ಚಿನ ಮೇಲೆ ಬಿತ್ತು. “ಇದೊಂದು ಯಾಕೆ ನೇತಾಡ್ತೈತೆ?” ಎಂದು ವೈರು ಹಿಡಿಯಲು ಹೋದರು.

“ಮುಟ್ಟಬೇಡಿ ವೆಂಕಟರಾಯಪ್ಪ! ಅದು ಹಾಗೇ ಇರಬೇಕು,” ಎಂದು ಅತ್ತೆ ಗದರಿದರು. ಅವರು ಬೆದರಿ ಹಿಂದೆ ಸರಿದು ಕೈಮುಗಿದರು.

ಅತ್ತೆ ನಮ್ಮ ಪಕ್ಕ ಬಂದು ಪಿಸುಗುಟ್ಟಿದರು: “ನಿಮ್ಮಿಬ್ಬರ ನಾಟಕ ನಂಗೆ ತಿಳಿಯಲ್ವಾ? ನೆಟ್ಟಗೆ ಕೇಳಿದ್ರೆ ನಾನೇ ಕಿತ್ತುಕೊಡ್ತಿರಲಿಲ್ವಾ?”

“ಕೊಡ್ತಿದ್ಯಾ ಅಮ್ಮ?”

ಅತ್ತೆ ಒಂದು ಕ್ಷಣ ಯೋಚಿಸಿದರು. “ಇಲ್ಲ.”

ಬೋರ್ಡು ಬಂದಿದೆ, ನೀಲಿ ಬಣ್ಣದ್ದು. ಗೌರಿಬಿದನೂರಿಗೆ, ಶಿಡ್ಲಘಟ್ಟಕ್ಕೆ ಹೊರಟಾಗಲೆಲ್ಲ ರಂಜನಿಯ ಚೀಲದಲ್ಲಿ ಸಣ್ಣ ಕುಂಕುಮದ ಡಬ್ಬಿಯೂ ಇರುತ್ತದೆ. ಖಾಲಿ ಬಿಡಬೇಕಾದ ವೈರಿನ ತುದಿಗೆ ಒಂದು ಬೊಟ್ಟು. ಚೀಟಿ ಅಂಟಿಸಿದರೆ ಓದದವರೂ ಅದನ್ನು ಮಾತ್ರ ಮುಟ್ಟುವುದಿಲ್ಲವಂತೆ. ಡಬ್ಬಿ ಮುಗಿದಾಗ ಅತ್ತೆಯೇ ತುಂಬಿಕೊಡುತ್ತಾರೆ, ಲ್ಯಾಪ್‌ಟಾಪಿಗೂ ಒಂದು ಬೊಟ್ಟು ಇಡಲು ಬಿಟ್ಟರೆ ಮಾತ್ರ.