ಒಂಬತ್ತೂವರೆಗೆ ಮುಳುಗುವ ಸೂರ್ಯ

ಮೇ ತಿಂಗಳ ಕೊನೆಯ ವಾರ ನಾನೂ ನನ್ನ ಹೆಂಡತಿಯೂ ಪ್ಯಾರಿಸಿಗೆ ಹೋಗುವುದೆಂದು ನಿಶ್ಚಯವಾಗಿದೆ. ಬನಹಟ್ಟಿಗೆ ಕೊಟ್ಟ ಮಗಳ ಮಗಳು ಅಲ್ಲಿದ್ದಾಳೆ. ಸೀರೆ ನೇಯಿಸುವ ಮನೆಯಲ್ಲಿ ಬೆಳೆದ ಹುಡುಗಿ ಅವಳು. ನೂರಾರು ವರ್ಷದ ಹಳೆಯ ಬಟ್ಟೆಗಳನ್ನು ಕೆಡದಂತೆ ಉಳಿಸುವ ವಿದ್ಯೆಯನ್ನು ಅಲ್ಲಿ ಕಲಿಯುತ್ತಿದ್ದಾಳೆ. ಯಾತ್ರೆಗೆಂದು ಶಿಖರ್ಜಿಗೆ ಹೋಗಿ ಬಂದದ್ದು ಬಿಟ್ಟರೆ ತೇರದಾಳದ ನಾವಿಬ್ಬರು ಹೆಚ್ಚು ದೂರ ಹೋದವರಲ್ಲ.

ಯಾವ ತಿಂಗಳು ಹೋಗಬೇಕೆಂಬ ಮಾತು ಫೋನಿನಲ್ಲಿ ನಡೆದಾಗ ಮೊಮ್ಮಗಳು ಅಂದಳು, "ಆಯಿ, ಡಿಸೆಂಬರದಾಗ ಬಂದ್ರ ಟಿಕೀಟ ಸಸ್ತಾ. ಆದ್ರ ಐದಕ್ಕ ಸೂರ್ಯಾ ಮುಳಗ್ತಾನ, ನಿನ್ನ ಊಟದ್ದ ಪಂಚಾಯ್ತಿ ಆಗ್ತದ. ಮೇ ಕಡೀಕ ಬಾ. ಒಂಬತ್ತೂವರಿತನಕ ಬೆಳಕಿರ್ತದ."

"ಒಂಬತ್ತೂವರಿ? ಆ ಸೂರ್ಯಾಗ ಮನಿ ಮಠಾ ಏನೂ ಇಲ್ಲೇನ?"

"ಥೇಟ್ ನಮ್ಮ ಮುತ್ಯಾನಂಗ, ಆಯಿ. ಜಲ್ದಿ ಮನಿಗಿ ಬರೂದಿಲ್ಲ!"

ಅಜ್ಜಿ ಮೊಮ್ಮಗಳು ಇಬ್ಬರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ. ಆ ಹುಡುಗಿ ತಾಯಿಯಿಂದ ಕೇಳಿದ್ದನ್ನು ಹೇಳಿದಳು, ಅಷ್ಟೆ. ಆದರೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು.

ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲವೆಂಬ ವ್ರತವನ್ನು ನನ್ನ ಹೆಂಡತಿ ಮದುವೆಗೆ ಮೊದಲೇ ಹಿಡಿದಿದ್ದಳು. ನಾನು ಆ ವಿಷಯದಲ್ಲಿ ಸಡಿಲ. ಹಾಗಾಗಿ ಪ್ಯಾರಿಸಿನ ತಯಾರಿ ಎಂದರೆ ಅವಳಿಗೆ ಗೋಪುರವೂ ಅಲ್ಲ, ನದಿಯೂ ಅಲ್ಲ, ಊಟದ ವೇಳೆ. ಖಡಕ್ ರೊಟ್ಟಿ ಎಷ್ಟು, ಬಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ಎಷ್ಟು ಎಂದು ಲೆಕ್ಕ ಹಾಕಿದಳು. ಒಂದು ನೋಟಬುಕ್ ತೆಗೆಸಿ, ಅಕ್ಷರ ಚೆಂದವೆಂದು ನನ್ನನ್ನೇ ಬರೆಯಲು ಕೂಡ್ರಿಸಿದಳು. ಒಂದು ಕಡೆ ತಾರೀಖು, ನಡುವೆ ಅಲ್ಲಿಯ ಸೂರ್ಯಾಸ್ತ, ಕೊನೆಗೆ ಊಟ.

ಹನ್ನೊಂದು ದಿನದ್ದನ್ನು ಬರೆದಾಯಿತು. ಉಳಿದದ್ದು ವಿಮಾನದ ದಿನ.

"ವಿಮಾನಾ ಪಡುವಣಕ್ಕ ಹೊಕ್ಕದ, ಸೂರ್ಯಾನೂ ಪಡುವಣಕ್ಕ ಹೊಕ್ಕಾನ," ಅಂದಳು. "ಅವತ್ತ ಯಾವ ಊರ ಸೂರ್ಯಾನ್ನ ಹಿಡೀಬೇಕರೀ?"

"ನನಗೂ ತಿಳೀವಲ್ದು."

"ಇರ್ಲಿ ತಗೋರಿ. ನೀವ ಗಡಿಯಾರ ನೋಡಿ ಉಣ್ಣ ಅಂದ್ರ ಉಣ್ತೇನಿ, ಬ್ಯಾಡ ಅಂದ್ರ ಬಿಡ್ತೇನಿ. ಇಷ್ಟ ವರ್ಷ ನಿಮ್ಮ ಗಡಿಯಾರ ನೋಡೇ ಉಂಡೇನಲ್ಲ."

ಅವತ್ತು ನಾನು ಮುಂದೆ ಬರೆಯಲಿಲ್ಲ. ಕಣ್ಣು ಮಂಜಾಗುತ್ತಿದೆ ಎಂದು ಸುಳ್ಳು ಹೇಳಿ ಎದ್ದೆ.

ನಮ್ಮ ಹರೆಯದ ದಿನಗಳಲ್ಲಿ ನಾನು ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲದ ದಲಾಲಿ ಮಾಡುವ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಜಮಖಂಡಿಯಲ್ಲಿ ಮೆಟ್ರಿಕ್ ಮುಗಿಸಿದವನೆಂದು ಸಿಕ್ಕ ಕೆಲಸ. ಐದರ ಬಸ್ಸು ಹಿಡಿದರೆ ಬೆಳಕಿರುವಾಗಲೇ ಮನೆ ಸೇರಬಹುದಿತ್ತು. ಆದರೆ ಅಂಗಡಿಯ ಮಹಡಿಯ ಮೇಲೆ ಇಸ್ಪೀಟು ನಡೆಯುತ್ತಿತ್ತು. ಎರಡು ಆಟ ಮುಗಿಸಿ ಮುಂದಿನ ಬಸ್ಸಿಗೆ ಹೊರಡುತ್ತಿದ್ದೆ. ಗಂಡನಿಗೆ ಬಡಿಸದೆ ಅವಳು ಉಣ್ಣುತ್ತಿರಲಿಲ್ಲ, ಸೂರ್ಯ ಮುಳುಗಿದ ಮೇಲೆಯೂ ಉಣ್ಣುತ್ತಿರಲಿಲ್ಲ. ನಾನು ತಡಮಾಡಿದ ದಿನ ಅವಳಿಗೆ ಉಪವಾಸ. ಹೊಟ್ಟೆಯಲ್ಲಿ ಆಗ ಇದೇ ಬನಹಟ್ಟಿಯ ಮಗಳು, ಐದು ತಿಂಗಳು. ಒಂದು ದಿನ ನೀರು ಸೇದುವಾಗ ತಲೆ ತಿರುಗಿ ಕುಳಿತುಬಿಟ್ಟಳು.

ನಮ್ಮವ್ವ ನನ್ನನ್ನು ಹೊಸ್ತಿಲಲ್ಲೇ ಹಿಡಿದಳು. "ಬಸರ ಹೆಂಗಸನ್ನ ಉಪಾಸ ಕೆಡವತಿ. ಜಲ್ದಿ ಬರಾಕ ಏನ ಧಾಡಿ ಲೇ ನಿನಗ? ಬಸ್ಸಿಗಿ ನೀನ ಗಾಲಿ ಹಚ್ಚತೀ ಏನ?"

ಜಲ್ದಿ ಬರುವ ಬದಲು ನಾನು ಮಾಡಿದ್ದು ಇದು. ಮನೆಯಲ್ಲಿದ್ದದ್ದು ಒಂದೇ ಗೋಡೆ ಗಡಿಯಾರ. ಅದಕ್ಕೆ ಕೀಲಿ ಕೊಡುವುದು ನನ್ನ ಕೆಲಸ. ಮಳೆಗಾಲ. ದಿನವಿಡೀ ಮೋಡ ಕವಿದು ಸೂರ್ಯ ಇದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅವಳು ಪಂಚಾಂಗದಲ್ಲಿ ಸೂರ್ಯಾಸ್ತ ನೋಡಿ ಗಡಿಯಾರ ನೋಡುತ್ತಿದ್ದಳು. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಕೀಲಿ ಕೊಡುವ ನೆವದಲ್ಲಿ ಮುಳ್ಳನ್ನು ಮುಕ್ಕಾಲು ತಾಸು ಹಿಂದಕ್ಕೆ ಸರಿಸುತ್ತಿದ್ದೆ, ಮಲಗುವ ಮೊದಲು ಸರಿಮಾಡುತ್ತಿದ್ದೆ. ಸೂರ್ಯ ಮುಳುಗಿದ ಮೇಲೆ ನಾನು ಬಂದಾಗಲೂ ಅವಳು ಗಡಿಯಾರ ನೋಡಿ, "ಇನ್ನಾ ಹೊತ್ತೈತ್ರಿ, ಬರ್ರಿ," ಎಂದು ಖುಷಿಯಿಂದ ತಾಟು ಹಾಕುತ್ತಿದ್ದಳು. ಮೋಡ ಹರಿಯುವವರೆಗೆ ಹೀಗೇ ನಡೆಯಿತು.

ಬಸುರಿ ಹಸಿದಿರಬಾರದೆಂಬ ಕರುಣೆಯಿಂದ ಮಾಡಿದೆ ಎಂದು ಬಹಳ ವರ್ಷ ನಂಬಿದ್ದೆ. ಪ್ರತಿ ವರ್ಷ ದಶಲಕ್ಷಣ ಪರ್ವ ಮುಗಿದು ಎಲ್ಲರೂ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ, ತಿಳಿದೋ ತಿಳಿಯದೆಯೋ ಆದ ತಪ್ಪನ್ನು ಕ್ಷಮಿಸು ಎಂದು ಅವಳಿಗೂ ಕೈಮುಗಿಯುತ್ತಿದ್ದೆ. ಯಾವ ತಪ್ಪು ಎಂದು ಹೇಳುತ್ತಿರಲಿಲ್ಲ. ಹೋದ ವರ್ಷ ಬಸದಿಯಲ್ಲಿ ಸಮಾಜದವರು ಅವಳ ವ್ರತಕ್ಕಾಗಿ ಶಾಲು ಹೊದಿಸಿ, ನನ್ನನ್ನು ನಾಲ್ಕು ಮಾತು ಆಡಲು ಕರೆದರು. "ಒಂದು ದಿನವೂ ತಪ್ಪಿಲ್ಲ," ಎಂದು ಮೈಕಿನಲ್ಲಿ ಹೇಳಿದೆ.

ನೋಟಬುಕ್ ಬಿಟ್ಟು ಎದ್ದ ಮೂರನೆಯ ದಿನ ಮಧ್ಯಾಹ್ನ ಅವಳು ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು. ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ.

ಕೈ ನಿಂತಿತು. "ಎಷ್ಟ ದಿನಾ?"

"ಹದಿನೈದೋ, ಇಪ್ಪತ್ತೋ. ನೆನಪಿಲ್ಲ."

"ಅವತ್ತ ಮೈಕಿನ್ಯಾಗ ನೀವ ಮಾತಾಡಿದ್ರಿ."

"ಹೂಂ."

"ಜನಾ ಚಪ್ಪಾಳಿ ಹೊಡದ್ರು. ನಾನೂ ಕೈಮುಗದ್ನಿ."

"ಹೊಟ್ಟ್ಯಾಗ ಕೂಸಿತ್ತು, ನೀ ಬಳಲಬಾರ್ದಂತ..."

"ಅದನ್ನ ಅನಬ್ಯಾಡ್ರಿ," ಅಂದಳು. "ಐದರ ಬಸ್ಸ ಇತ್ತು."

ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಆ ಶಾಲನ್ನು ಮಡಚಿ ಬಸದಿಗೆ ಒಯ್ದು ಕೊಟ್ಟು ಬಂದಳು. ಯಾಕೆಂದು ಕೇಳಿದವರಿಗೆ, "ನನ್ನ ವ್ರತದಾಗ ತಪ್ಪ ಆಗೇತ್ರಿ," ಎಂದಷ್ಟೇ ಹೇಳಿದಳಂತೆ. ನನ್ನ ಹೆಸರು ಎತ್ತಲಿಲ್ಲ. ಮಾಡದ ತಪ್ಪನ್ನು ಅವಳು ಹೊತ್ತುಕೊಂಡಳು, ಊರು ಅದನ್ನೇ ನಂಬಿತು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ತಪ್ಪು ನನ್ನದು. ಬಸದಿಯಲ್ಲಿ ಅದೇ ಮೈಕಿನ ಮುಂದೆ ನಿಂತು ಇದನ್ನು ಓದುವೆನೆಂದು ಹಿರಿಯರಿಗೆ ತಿಳಿಸಿದ್ದೇನೆ.

ಪ್ಯಾರಿಸಿನ ಮಾತು ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಎಂಟು ದಿನದ ಮೇಲೆ ನೋಟಬುಕ್ ತಂದು ನನ್ನ ಮುಂದಿಟ್ಟಳು.

"ಬರೀರಿ. ಸೂರ್ಯಾಸ್ತ ಎಲ್ಲಾ ಹೊಡದ ಹಾಕ್ರಿ. ಊಟ ದಿನಾ ಆರಕ್ಕ."

"ಅಲ್ಲಿ ಒಂಬತ್ತೂವರಿತನಕ..."

"ಇರ್ಲಿ ಅಂವಾ. ಕತ್ತಲಾಗ ಉಂಡೇನಲ್ಲ, ಅದನ್ನ ಬೆಳಕಿನ್ಯಾಗ ತಿರಗಿ ಕೊಡ್ತೇನಿ. ವಿಮಾನದ ದಿನ ಉಪಾಸ ಅಂತ ಬರೀರಿ."

"ನಾನೂ ಆರಕ್ಕ ಮುಗಸ್ತೇನಿ," ಅಂದೆ.

"ಅದು ನಿಮಗ ಬಿಟ್ಟದ್ದು."

ವೀಸಾಕ್ಕೆ ಬೆರಳ ಗುರುತು ಕೊಡಲು ಬೆಂಗಳೂರಿಗೆ ಹೋಗುವ ತಾರೀಖು ಬಂದಿದೆ. ಮೊನ್ನೆ ಜಮಖಂಡಿಗೆ ಫೋಟೋ ತೆಗೆಸಲು ಹೋದಾಗ ಅವಳು ಒಂದು ಕೈಗಡಿಯಾರ ಕೊಂಡಳು. ಬಳೆಗಳ ಮೇಲೆ ಕಟ್ಟಿಕೊಂಡಿದ್ದಾಳೆ. ಸಂಜೆ ಮೊಣಕಾಲು ಹಿಡಿದುಕೊಂಡು ಮಾಳಿಗೆ ಹತ್ತಿ, ಸೂರ್ಯ ಎಲ್ಲಿದ್ದಾನೆಂದು ತಾನೇ ನೋಡಿ ಬಂದು ತಾಟು ಹಾಕುತ್ತಾಳೆ. ಎರಡು ತಾಟು. ನನ್ನನ್ನು ವೇಳೆ ಕೇಳುವುದಿಲ್ಲ.